ಡಬ್ಲ್ಯೂಡಬ್ಲ್ಯೂಇ 2ಕೆ25: ರಿಂಗ್ ಒಳಗೆ ಭರ್ಜರಿ, ರಿಂಗ್ ಹೊರಗೆ ಜೇಬಿಗೆ ಕೈ

ಮೊದಲೇ ಹೇಳಿಬಿಡುತ್ತೇನೆ. ಡಬ್ಲ್ಯೂಡಬ್ಲ್ಯೂಇ ಅಂದರೆ ಟಿವಿಯಲ್ಲಿ ಬರುವ ಅಮೆರಿಕದ ಕುಸ್ತಿ ಶೋ, 2ಕೆ25 ಅದರ ವಿಡಿಯೋ ಗೇಮ್. ನಾಲ್ಕು ಜನ ಒಂದೇ ರೂಮಿನಲ್ಲಿ ಕೂತು, ಕಿರುಚಾಡಿಕೊಂಡು ಆಡುವುದಕ್ಕೆ ಇದು ಸೂಪರ್ ಗೇಮ್. ಅದೇ ಗೇಮನ್ನು ಒಬ್ಬರೇ ಕೂತು, ನೆಟ್ ಹಾಕಿಕೊಂಡು, ಅದು ತೋರಿಸಿದ ದಾರಿಯಲ್ಲೇ ಆಡುತ್ತಾ ಹೋದರೆ ಸ್ವಲ್ಪ ದಿನಕ್ಕೆ ತಲೆ ಕೆಡುತ್ತದೆ. ಎರಡೂ ಒಂದೇ ಡಿಸ್ಕಿನಲ್ಲಿದೆ, ಅದೇ ತಮಾಷೆ. ಬಿಡುಗಡೆಯಾದ ವಾರದಲ್ಲೇ ಬಂದ ವಿಮರ್ಶೆಗಳಲ್ಲಿ ಎಲ್ಲ ಮೋಡ್‌ಗಳ, ಅಂದರೆ ಗೇಮಿನೊಳಗಿನ ಬೇರೆ ಬೇರೆ ಆಟಗಳ, ಹೆಸರು ಹೇಳಿ, ನಂಬರ್ ಕೊಟ್ಟು ಮುಗಿಸಿದ್ದರು. ತಿಂಗಳುಗಟ್ಟಲೆ ಆಡಿದ ಮೇಲೆ ಯಾವುದನ್ನು ಮತ್ತೆ ಮತ್ತೆ ತೆಗೆಯುತ್ತೀವಿ, ಯಾವುದರ ಹತ್ತಿರವೂ ಹೋಗಲ್ಲ ಅನ್ನುವುದು ಬೇರೆ ವಿಷಯ ಅಲ್ವಾ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗೇಮ್ ಬಂದಿದ್ದು 2025ರ ಮಾರ್ಚ್ 14ಕ್ಕೆ. ಜಾಸ್ತಿ ದುಡ್ಡಿನ ಎಡಿಷನ್ ತಗೊಂಡವರಿಗೆ ಒಂದು ವಾರ ಮೊದಲೇ ಸಿಕ್ಕಿತ್ತು. ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್, ಪಿಸಿ ಎಲ್ಲದರಲ್ಲೂ ಇದೆ, ಜುಲೈನಲ್ಲಿ ಸ್ವಿಚ್ 2ಗೂ ಬಂತು. ನಾನು ದಾವಣಗೆರೆಯಲ್ಲಿ, ಪಿಎಸ್5ನಲ್ಲಿ ಆಡುತ್ತೇನೆ. ಈ ಸರಣಿಯ ಕಥೆ ಗೊತ್ತಿದ್ದವರಿಗೆ 2019ರ 2ಕೆ20 ನೆನಪಿರುತ್ತದೆ. ಮುಖಗಳು ಕಿತ್ತುಹೋಗುವುದು, ಆಟಗಾರರು ನೆಲದೊಳಗೆ ಹೂತುಹೋಗುವುದು, ಎಲ್ಲ ಕಡೆ ನಗೆಪಾಟಲಾಗಿತ್ತು. ಮರುವರ್ಷ 2ಕೆ21 ಬರಲೇ ಇಲ್ಲ. 2022ರಲ್ಲಿ 2ಕೆ22 ಹೊಸದಾಗಿ ಶುರು ಮಾಡಿತು. ಅಲ್ಲಿಂದ ವರ್ಷಕ್ಕೊಂದು ಮೆಟ್ಟಿಲು ಹತ್ತಿ ಬಂದ ಗೇಮ್ ಇದು.

ಈಗ ನನಗೆ ಬಹಳ ಹಿಡಿಸಿದ ವಿಷಯಕ್ಕೆ ಬರುತ್ತೇನೆ. ಚೈನ್ ರೆಸ್ಲಿಂಗ್ ವಾಪಸ್ ಬಂದಿದೆ! ಮ್ಯಾಚ್ ಶುರುವಾದಾಗ ಇಬ್ಬರೂ ಕೈಗೆ ಕೈ, ಕುತ್ತಿಗೆಗೆ ಕೈ ಹಾಕಿ ಹಿಡಿದುಕೊಳ್ಳುತ್ತಾರೆ. ಆಗ ಕಂಟ್ರೋಲರ್‌ನ ಸ್ಟಿಕ್ ತಿರುಗಿಸುತ್ತಾ ಸರಿಯಾದ ಜಾಗ ಹುಡುಕಬೇಕು, ಮೊದಲು ಸಿಕ್ಕವನ ಕೈ ಮೇಲೆ. ಅಷ್ಟರಲ್ಲಿ ಇನ್ನೊಬ್ಬ ಸುಮ್ನೆ ಇರಲ್ಲ, ಮಧ್ಯದಲ್ಲೇ ಒಂದು ಗುದ್ದು ಹಾಕಬಹುದು. ಕೇಳೋಕೆ ಚಿಕ್ಕದು ಅನ್ನಿಸುತ್ತದೆ. ಆದರೆ ಹಿಂದಿನ ವರ್ಷಗಳಲ್ಲಿ ಬೆಲ್ ಆದ ತಕ್ಷಣ ಓಡಿಬಂದು ಬಟನ್ ಕುಟ್ಟುವುದೇ ಆಗಿತ್ತು, ಈಗ ಮೊದಲ ಎರಡು ನಿಮಿಷಕ್ಕೂ ಒಂದು ಬೆಲೆ ಬಂದಿದೆ.

ನಮ್ಮೂರಿನವರಿಗೆ ಕುಸ್ತಿ ಅಂದರೆ ಟಿವಿಯಲ್ಲಿ ಬರೋದು ಮಾತ್ರ ಅಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಅದರ ಜೊತೆಗೆ ಬಯಲು ಕುಸ್ತಿನೂ ಬರುತ್ತದೆ. ಮಟ್ಟಿಯಲ್ಲಿ ಜೋಡಿ ಬಿಡುವುದನ್ನು ನೋಡಿ ಬೆಳೆದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ಮಾವ ಒಬ್ಬರು ಹುಡುಗರಾಗಿದ್ದಾಗ ಗರಡಿಯಲ್ಲಿ ಸಾಮು ಮಾಡಿದವರು. ಈ ಗೇಮ್ ನೋಡಿ ಅವರು ಮೊದಲು ಕೇಳಿದ್ದೇ, ‘ಬೆನ್ನು ನೆಲಕ್ಕೆ ಹತ್ತಿತಲ್ಲೋ, ಚಿತ್ ಆಯ್ತು, ಇನ್ನೂ ಯಾಕೆ ಆಡ್ತಿದೀರಾ?’ ಅಂತ. ಮೂರು ಎಣಿಸೋವರೆಗೂ ಭುಜ ನೆಲಕ್ಕೇ ಇರಬೇಕು ಅಂದರೆ ಅವರಿಗೆ ನಗು. ಆದರೆ ಚೈನ್ ರೆಸ್ಲಿಂಗ್ ಬಂದಾಗ ಮಾತ್ರ ಮುಂದಕ್ಕೆ ಬಾಗಿ ನೋಡುತ್ತಾರೆ. ‘ಹಾಂ, ಇದು ಹಿಡಿತ’ ಅಂತಾರೆ. ಉಳಿದದ್ದೆಲ್ಲ ಅವರ ಪ್ರಕಾರ ನಾಟಕ. ನಾಟಕ ಅಂತ ಗೊತ್ತಿದ್ದೇ ನಾವು ನೋಡೋದು ಮಾವ ಅಂತ ಹೇಳಿದರೂ ಒಪ್ಪಲ್ಲ, ಇರಲಿ.

ಹೊಡೆದಾಟದ ಲೆಕ್ಕಾಚಾರವೂ ಚೆನ್ನಾಗಿದೆ. ಲೈಟ್, ಹೆವಿ, ಗ್ರ್ಯಾಪಲ್ ಅಂತ ಮೂರು ಬಟನ್. ಎದುರಾಳಿ ಕಾಂಬೋ (ಒಂದರ ಹಿಂದೆ ಒಂದು ಏಟು) ಶುರು ಮಾಡಿದರೆ ಮುಂದಿನ ಏಟಿಗೆ ಅವನು ಯಾವ ಬಟನ್ ಒತ್ತುತ್ತಾನೆ ಅಂತ ಊಹಿಸಿ ಅದನ್ನೇ ನೀವೂ ಒತ್ತಿದರೆ ಕಾಂಬೋ ಮುರಿಯುತ್ತದೆ. ಕಂಪ್ಯೂಟರ್ ವಿರುದ್ಧ ಇದು ಬರೀ ಅದೃಷ್ಟ ಅನ್ನಿಸುತ್ತದೆ. ಪಕ್ಕದಲ್ಲಿ ಕೂತ ತಮ್ಮನ ವಿರುದ್ಧ ಆಡಿ ನೋಡಿ, ಅವನ ಬುದ್ಧಿ ನಿಮಗೆ ಗೊತ್ತಿರುತ್ತದೆ, ಯಾವಾಗಲೂ ಮೂರನೇ ಏಟಿಗೆ ಹೆವಿ ಒತ್ತುತ್ತಾನೆ ಅಂತ ಕಾದು ಮುರಿದಾಗ ಅವನ ಮುಖ ನೋಡಬೇಕು. ರಿವರ್ಸಲ್, ಅಂದರೆ ಎದುರಾಳಿಯ ಪಟ್ಟನ್ನು ಅವನಿಗೇ ತಿರುಗಿಸುವುದು, ಅದರ ಟೈಮಿಂಗ್ ಹೊಸಬರಿಗೆ ಕಷ್ಟ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಸಡಿಲ ಮಾಡಿಕೊಳ್ಳುವ ಸ್ಲೈಡರ್‌ಗಳಿವೆ. ಮೊದಲು ಅಲ್ಲಿಗೆ ಹೋಗಿ, ಆಮೇಲೆ ಗೇಮಿಗೆ ಬಯ್ಯಿರಿ.

ಭಾನುವಾರ ಹರಿಹರದಿಂದ ಕಸಿನ್ಸ್ ಬಂದರೆಂದರೆ ಒಂದು ಕಡೆ ಮಂಡಕ್ಕಿ ಮೆಣಸಿನಕಾಯಿ, ಇನ್ನೊಂದು ಕಡೆ 30 ಜನರ ರಾಯಲ್ ರಂಬಲ್, ಹಗ್ಗದ ಆಚೆ ಬಿದ್ದವನು ಔಟ್. ಎಣ್ಣೆ ಕೈಯಲ್ಲಿ ಕಂಟ್ರೋಲರ್ ಮುಟ್ಟಬಾರದು ಅನ್ನೋದೊಂದೇ ಮನೆಯ ನಿಯಮ. ಒಬ್ಬನನ್ನು ಹಗ್ಗದ ಆಚೆ ತಳ್ಳುವಾಗ ಹಿಂದಿನಿಂದ ಇನ್ನೊಬ್ಬ ಬಂದು ಇಬ್ಬರನ್ನೂ ಎತ್ತಿ ಹಾಕಿದರೆ ಆ ಜಗಳ ಊಟದವರೆಗೂ ಇರುತ್ತದೆ. ಹೊಸದಾಗಿ ಬಂದ ಅಂಡರ್‌ಗ್ರೌಂಡ್ ಮ್ಯಾಚ್ ಕೂಡ ಇಷ್ಟವಾಯಿತು. ರಿಂಗಿಗೆ ಹಗ್ಗವೇ ಇಲ್ಲ, ಸುತ್ತ ಜನ ನಿಂತಿರುತ್ತಾರೆ, ಒಂಥರಾ ನಮ್ಮ ಕುಸ್ತಿಯ ಮಟ್ಟಿಗೇ ಹತ್ತಿರ. ಬ್ಯಾರಿಕೇಡ್ ಮೇಲಿಂದ ಹಾರುವುದೂ ಈಗ ಇದೆ. ಗಂಡು ಹೆಣ್ಣು ಅಂತ ಭೇದ ಇಲ್ಲದೆ ಯಾರ ಮೇಲೆ ಯಾರನ್ನಾದರೂ ಆಡಿಸಬಹುದು. ನಮ್ಮ ಮನೆಯ ಹುಡುಗಿಯರು ರಿಯಾ ರಿಪ್ಲಿ ತಗೊಂಡು ರೋಮನ್ ರೇನ್ಸ್‌ಗೆ ಬಾರಿಸುವುದು ಈಗ ಮಾಮೂಲಿ.

ಜನ ಜಾಸ್ತಿ ಆದಾಗ ಒಂದು ದೊಡ್ಡ ತೊಂದರೆ ಇದೆ, ಟಾರ್ಗೆಟ್. ರಿಂಗಿನಲ್ಲಿ ನಾಲ್ಕೈದು ಜನ ಇದ್ದರೆ ನೀವು ಯಾರ ಕಡೆ ತಿರುಗಿದ್ದೀರಿ ಅನ್ನುವುದೇ ಗೊಂದಲ. ಮುಂದೆ ನಿಂತವನನ್ನು ಬಿಟ್ಟು ಮೂಲೆಯಲ್ಲಿ ಬಿದ್ದವನ ಕಡೆ ಗುದ್ದಾಡುತ್ತೀರಿ. ಸ್ಟಿಕ್ ಒತ್ತಿ ಬದಲಾಯಿಸಬಹುದು, ಆದರೆ ಆ ಗಲಾಟೆಯಲ್ಲಿ ಯಾರಿಗೆ ನೆನಪಿರುತ್ತದೆ? ಟ್ಯಾಗ್ ಮ್ಯಾಚಿನಲ್ಲಿ ಕಂಪ್ಯೂಟರ್ ಜೊತೆಗಾರನ ಬುದ್ಧಿಯೂ ಅಷ್ಟಕ್ಕಷ್ಟೇ. ಬೇಕಾದಾಗ ಪಿನ್ (ಮೂರು ಎಣಿಸಲು ಭುಜ ನೆಲಕ್ಕೆ ಒತ್ತುವುದು) ಮುರಿಯಲು ಬರಲ್ಲ, ಬೇಡವಾದಾಗ ಓಡಿಬರುತ್ತಾನೆ.

ಹಳೆಯ ಮ್ಯಾಚ್‌ಗಳ ಕಥೆ ಹೇಳುವ ಶೋಕೇಸ್ ಮೋಡ್ ಈ ಸಲ ಬ್ಲಡ್‌ಲೈನ್ ಅನ್ನೋ ಕುಸ್ತಿ ಗುಂಪಿನ ಬಗ್ಗೆ. ರೋಮನ್ ರೇನ್ಸ್, ಉಸೋಸ್ ಮಾತ್ರ ಅಲ್ಲ, ಪೆಸಿಫಿಕ್‌ನ ಸಮೋವಾ ದ್ವೀಪ ಮೂಲದ ಇಡೀ ಸಮೋವನ್ ಮನೆತನದ ಕಥೆ. ವೈಲ್ಡ್ ಸಮೋವನ್ಸ್‌ನಿಂದ ಹಿಡಿದು ಯೊಕೊಝುನಾ, ರಿಕಿಶಿ, ಉಮಾಗಾ, ರಾಕ್ ತನಕ. ಕಥೆ ಹೇಳುವವನು ಟಿವಿಯಲ್ಲಿ ರೋಮನ್ ರೇನ್ಸ್ ಪರ ಮಾತಾಡುತ್ತಿದ್ದ ಪಾಲ್ ಹೇಮನ್. ಆ ಮನುಷ್ಯ ಬಾಯಿ ಬಿಟ್ಟರೆ ಕೇಳುತ್ತಲೇ ಇರಬೇಕು ಅನ್ನಿಸುತ್ತದೆ. ಯೊಕೊಝುನಾ ಜಪಾನಿನವನು ಅಂತ ಟ್ರಂಪ್ ಕಾರ್ಡ್ ಕಾಲದಿಂದ ನಂಬಿದ್ದ ನಮ್ಮ ಪೀಳಿಗೆಗೆ ಅವನೂ ಇದೇ ಸಮೋವನ್ ಮನೆಯವನು ಅಂತ ಗೊತ್ತಾಗುವುದೇ ಒಂದು ಮಜಾ. ಕೆಲವು ಮ್ಯಾಚ್‌ಗಳಲ್ಲಿ ಆಗಿದ್ದನ್ನೇ ಮತ್ತೆ ಆಡಬೇಕು, ಕೆಲವದರಲ್ಲಿ ಫಲಿತಾಂಶವನ್ನೇ ಬದಲಾಯಿಸಬೇಕು, ಇನ್ನು ಕೆಲವು ಯಾವತ್ತೂ ನಡೆಯದೇ ಇದ್ದ ಜೋಡಿಗಳು. ಈ ಮೂರನೆಯದೇ ನನಗೆ ಇಷ್ಟ. ಕೊರತೆ ಏನೆಂದರೆ ಹಾಗೆ ಮಾಡಿ ಹೀಗೆ ಮಾಡಿ ಅಂತ ಪಕ್ಕದಲ್ಲಿ ಪಟ್ಟಿ ಇರುತ್ತದೆ, ಅದನ್ನು ನೋಡುತ್ತಾ ಆಡುವುದರಲ್ಲಿ ಕುಸ್ತಿ ಮರೆತುಹೋಗುತ್ತದೆ. ಒಮ್ಮೆ ಮುಗಿಸಿದ ಮೇಲೆ ನಾನು ಮತ್ತೆ ಆ ಕಡೆ ಹೋಗಿಲ್ಲ.

ಅಂದ ಹಾಗೆ ಡೆಡ್‌ಮ್ಯಾನ್ ಎಡಿಷನ್ ಕವರ್ ಮೇಲೆ ಅಂಡರ್‌ಟೇಕರ್ ಇದ್ದಾನೆ. ಅವನಿಗೆ ಏಳು ಜನ್ಮ, ಸತ್ತು ಸತ್ತು ಎದ್ದು ಬರ್ತಾನೆ ಅಂತ ಸ್ಕೂಲಿನಲ್ಲಿ ಆಣೆ ಮಾಡಿ ಹೇಳುತ್ತಿದ್ದ ಹುಡುಗರೆಲ್ಲ ಈಗ ಇಎಂಐ ಕಟ್ಟುತ್ತಿದ್ದಾರೆ, ಆ ಎಡಿಷನ್ ಯಾರಿಗೋಸ್ಕರ ಮಾಡಿದ್ದು ಅಂತ ಬೇರೆ ಹೇಳಬೇಕಾ?

ಶೋಗಳನ್ನು ನಾವೇ ನಡೆಸುವ ಯೂನಿವರ್ಸ್ ಮೋಡ್‌ನಲ್ಲಿ ಪ್ರೋಮೋಗಳು (ಮೈಕ್ ಹಿಡಿದು ಸವಾಲು ಹಾಕುವುದು) ವಾಪಸ್ ಬಂದಿವೆ, ಒಳ್ಳೆಯದೇ, ಆದರೆ ಕೆಲವು ವಾರ ಆಡಿದರೆ ಅದೇ ಮಾತು ಮತ್ತೆ ಮತ್ತೆ. ಮ್ಯಾನೇಜರ್ ಆಗಿ ಶೋ ನಡೆಸುವ ಮೈಜಿಎಂ ಈಗ ಆನ್‌ಲೈನ್‌ನಲ್ಲೂ ಆಡಬಹುದು, ಲೆಕ್ಕ ಹಾಕುವವರಿಗೆ ಚೆನ್ನಾಗಿದೆ. ಮೈಕೆಲ್ ಕೋಲ್, ಕೋರಿ ಗ್ರೇವ್ಸ್ ಕಾಮೆಂಟರಿ ಬಗ್ಗೆ ಹೇಳೋದೇನಿಲ್ಲ, ಸೌಂಡ್ ಕಡಿಮೆ ಮಾಡಿ ಹಾಡು ಹಾಕಿಕೊಳ್ಳಿ.

ನಮ್ಮದೇ ಕುಸ್ತಿಪಟುವಿನ ಪಾತ್ರ ತಯಾರು ಮಾಡುವ ವಿಭಾಗದಲ್ಲಿ ನಾನು ಕಳೆದಷ್ಟು ಹೊತ್ತು ಬೇರೆಲ್ಲೂ ಕಳೆದಿಲ್ಲ. ಒಬ್ಬ ಪೈಲ್ವಾನನನ್ನು ಮಾಡಿದ್ದೇನೆ. ದಪ್ಪ ಮೀಸೆ, ಕೆಂಪು ಚಡ್ಡಿ, ಲಂಗೋಟಿ ಇಲ್ಲದ್ದಕ್ಕೆ ಅದೇ ಗತಿ. ಮೈಗೆ ಮಣ್ಣಿನ ಬಣ್ಣ ಹಚ್ಚಿದೆ, ಭುಜದ ಮೇಲೆ ಕನ್ನಡದಲ್ಲಿ ಹೆಸರು ಬರೆದ ಚಿತ್ರವನ್ನು ವೆಬ್‌ಸೈಟ್ ಮೂಲಕ ಅಪ್‌ಲೋಡ್ ಮಾಡಿ ಅಂಟಿಸಿದೆ. ರಿಂಗ್ ಮ್ಯಾಟ್‌ಗೂ ಮಟ್ಟಿಯ ಬಣ್ಣ. ನೋಡೋಕೆ ನಿಜಕ್ಕೂ ಚೆನ್ನಾಗಿದೆ. ಆದರೆ ಅನೌನ್ಸರ್ ಅವನ ಹೆಸರು ಕರೆಯಲ್ಲ, ಪಟ್ಟಿಯಲ್ಲಿ ಇರುವ ಹೆಸರುಗಳಲ್ಲೇ ಆರಿಸಿಕೊಳ್ಳಬೇಕು. ಎಂಟ್ರಿಗೆ ನಮ್ಮದೇ ಡೊಳ್ಳು, ತಮಟೆ ಹಾಕೋಣ ಅಂದರೆ ಕನ್ಸೋಲ್‌ನಲ್ಲಿ ಸ್ವಂತ ಸಂಗೀತ ಹಾಕೋಕೆ ಆಗಲ್ಲ. ಬೇರೆಯವರು ಮಾಡಿದ ಪಾತ್ರಗಳನ್ನು ಇಳಿಸಿಕೊಳ್ಳಲು ಕಮ್ಯುನಿಟಿ ಕ್ರಿಯೇಷನ್ಸ್ ಇದೆ, ಅಲ್ಲಿನ ಜನರ ಕೈಚಳಕ ನೋಡಿದರೆ ಕಂಪನಿಯವರೇ ನಾಚಬೇಕು. ಇದಕ್ಕೆ ಸರ್ವರ್ ಬೇಕು ಅನ್ನೋದು ನೆನಪಿರಲಿ. ಈ ಸರಣಿಯ ಹಳೆಯ ಗೇಮ್‌ಗಳ ಸರ್ವರ್‌ಗಳು ಕೆಲವೇ ವರ್ಷಕ್ಕೆ ಮುಚ್ಚಿವೆ. ಬೇಕಾದದ್ದನ್ನು ಈಗಲೇ ಇಳಿಸಿಟ್ಟುಕೊಳ್ಳಿ.

ಈಗ ಬೈಗುಳದ ಭಾಗ. ‘ದಿ ಐಲ್ಯಾಂಡ್’ ಅಂತ ಹೊಸ ಮೋಡ್ ತಂದಿದ್ದಾರೆ. ಒಂದು ದ್ವೀಪ, ಅಲ್ಲಿ ನಿಮ್ಮ ಪಾತ್ರ ಓಡಾಡಿಕೊಂಡು, ಎಲ್ಲರ ಹತ್ತಿರ ಮಾತಾಡಿ, ಮ್ಯಾಚ್ ಗೆದ್ದು ರೋಮನ್ ರೇನ್ಸ್ ಕಣ್ಣಿಗೆ ಬೀಳಬೇಕು. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ನಲ್ಲಿ ಮಾತ್ರ ಸಿಗುತ್ತದೆ. ಪಿಸಿಯವರಿಗೆ ಕೊಟ್ಟೇ ಇಲ್ಲ, ಅವರೇ ಪುಣ್ಯವಂತರು. ಜಾತ್ರೆಯಲ್ಲಿ ಗೇಟಿಗೊಂದು ಟಿಕೆಟ್, ತೊಟ್ಟಿಲಿಗೊಂದು ಟಿಕೆಟ್, ಕೊನೆಗೆ ಚಪ್ಪಲಿ ಬಿಡೋಕೂ ಒಂದು ಟಿಕೆಟ್ ಅಂದ ಹಾಗಿದೆ ಅಲ್ಲಿನ ವ್ಯವಹಾರ. ನಿಮ್ಮ ಪಾತ್ರದ ಶಕ್ತಿ ಹೆಚ್ಚಿಸಬೇಕಾ, ವಿಸಿ (ಗೇಮಿನೊಳಗಿನ ದುಡ್ಡು) ಬೇಕು. ಬಟ್ಟೆ ಬೇಕಾ, ವಿಸಿ ಬೇಕು. ವಿಸಿಯನ್ನು ಆಡಿ ಗಳಿಸಬಹುದು, ಆದರೆ ಅದು ಇರುವೆ ನಡಿಗೆ. ನಿಜವಾದ ದುಡ್ಡು ಕೊಟ್ಟರೆ ತಕ್ಷಣ ಸಿಗುತ್ತದೆ. ಹೀಗಾಗಿ ಬೇರೆ ಆಟಗಾರರ ಎದುರು ಇಳಿದರೆ ಕೈಚಳಕ ಎಷ್ಟಿದೆ ಅನ್ನೋದಕ್ಕಿಂತ ಜೇಬು ಎಷ್ಟು ದಪ್ಪ ಅನ್ನೋದು ಮುಖ್ಯ ಆಗುತ್ತದೆ. ಅಮೆರಿಕದಲ್ಲಿ ಬಿಡುಗಡೆಯಾದಾಗ 69.99 ಡಾಲರ್ ಬೆಲೆ ಇದ್ದ ಗೇಮ್ ಇದು, ಫ್ರೀ ಗೇಮ್ ಅಲ್ಲ. ಒಂದು ಸಲ ದುಡ್ಡು ತಗೊಂಡ ಮೇಲೆ ಮತ್ತೆ ಯಾಕೆ ಕೈ ಚಾಚಬೇಕು?

ಮೈಫ್ಯಾಕ್ಷನ್ ಕೂಡ ಇದೇ ಜಾತಿ, ಕಾರ್ಡ್ ಪ್ಯಾಕ್ ಒಡೆಯುವ ಆಟ. ಕೆಲವು ಕುಸ್ತಿಪಟುಗಳ ಬೇರೆ ಬೇರೆ ಅವತಾರಗಳನ್ನು ಅದರೊಳಗೇ ಬಚ್ಚಿಟ್ಟಿದ್ದಾರೆ, ನನಗೆ ಕಾರ್ಡ್ ಬೇಡ, ಆ ವೇಷ ಮಾತ್ರ ಸಾಕು ಅಂದರೂ ಅಲ್ಲಿಗೇ ಹೋಗಬೇಕು. ಇನ್ನು ಡಿಎಲ್‌ಸಿ, ಅಂದರೆ ಆಮೇಲೆ ಇಳಿಸಿಕೊಳ್ಳುವ ಹೆಚ್ಚುವರಿ ಸರಕು, ಐದು ಪ್ಯಾಕ್. ಒಂದರಲ್ಲಿ ಟೈರೀಸ್ ಹ್ಯಾಲಿಬರ್ಟನ್, ಜೇಲೆನ್ ಬ್ರನ್ಸನ್ ಅಂತ ಇಬ್ಬರು ಬಾಸ್ಕೆಟ್‌ಬಾಲ್ ಆಟಗಾರರು ಇದ್ದಾರೆ. ಅಮೆರಿಕದವರಿಗೆ ಖುಷಿ ಇರಬಹುದು, ನಮ್ಮ ಹುಡುಗರು ‘ಯಾರಿವರು, ಯಾಕೆ ಇಷ್ಟು ಉದ್ದ?’ ಅಂತ ಕೇಳಿ ಮುಂದಕ್ಕೆ ಹೋದರು. ಡಿಸ್ಕ್ ಖರೀದಿ ಮಾಡುವಾಗ 300ಕ್ಕಿಂತ ಜಾಸ್ತಿ ಕುಸ್ತಿಪಟುಗಳು ಇದ್ದಾರೆ ಅಂತ ಹೇಳುತ್ತಾರೆ, ನಿಜವೇ, ಆದರೆ ಒಬ್ಬರದೇ ಹಲವು ರೂಪಗಳೂ ಆ ಲೆಕ್ಕದಲ್ಲಿವೆ.

ಆನ್‌ಲೈನ್ ಮ್ಯಾಚ್ ಬಗ್ಗೆ ಉದ್ದ ಮಾತು ಬೇಡ. ರಿವರ್ಸಲ್ ಅನ್ನೋದು ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಬೇಕಾದ ಬಟನ್. ದೂರದ ದೇಶದವನು ಎದುರಿಗೆ ಸಿಕ್ಕು, ಸಿಗ್ನಲ್ ಸ್ವಲ್ಪ ತಡವಾದರೂ ಆ ಕಲೆಯೆಲ್ಲ ನೀರುಪಾಲು. ಬೇಸಿಗೆಯಲ್ಲಿ ಕರೆಂಟ್ ಹೋದರಂತೂ ಕೇಳಲೇಬೇಡಿ, ರೌಟರ್‌ಗೆ ಯುಪಿಎಸ್ ಇಲ್ಲದವರು ರ‍್ಯಾಂಕ್ ಕಡೆ ಆಸೆ ಇಟ್ಟುಕೊಳ್ಳಬೇಡಿ.

ಪಿಎಸ್4ನಲ್ಲಿ ತಗೊಳ್ಳಬಹುದಾ ಅಂತ ಗೆಳೆಯರು ಕೇಳುತ್ತಾರೆ. ಕುಸ್ತಿ ಅದೇ, ಐಲ್ಯಾಂಡ್ ಇರಲ್ಲ, ಅದು ಇಲ್ಲದೇ ಹೋದರೂ ಏನೂ ನಷ್ಟ ಇಲ್ಲ. ಹಿಂದಿನ ವರ್ಷದ 2ಕೆ24 ಇದ್ದವರು ಚೈನ್ ರೆಸ್ಲಿಂಗ್, ಅಂಡರ್‌ಗ್ರೌಂಡ್ ಮ್ಯಾಚ್ ಇವೆರಡೇ ಬೇಕು ಅಂದರೆ ಮಾತ್ರ ಬದಲಾಯಿಸಿ. ಬಿಡುಗಡೆಯಾದಾಗ 129.99 ಡಾಲರ್ ಇದ್ದ ಬ್ಲಡ್‌ಲೈನ್ ಎಡಿಷನ್ ಹತ್ತಿರ ಸುಳಿಯಬೇಡಿ. ಮಾಮೂಲಿ ಎಡಿಷನ್ ಸಾಕು, ಅದನ್ನೂ ಸೇಲ್ ಬಂದಾಗ ನೋಡಿ. ಸಾಧ್ಯವಾದರೆ ಡಿಸ್ಕೇ ತಗೊಳ್ಳಿ, ಬೇಜಾರಾದ ಮೇಲೆ ಮಾರಬಹುದು, ಡೌನ್‌ಲೋಡ್ ಮಾಡಿದ್ದನ್ನು ಯಾರಿಗೆ ಮಾರುತ್ತೀರಿ? ಉಳಿದ ದುಡ್ಡಿಗೆ ವಿಸಿ ಗಿಸಿ ಅಂತ ಹೋಗದೆ ಇನ್ನೊಂದು ಕಂಟ್ರೋಲರ್ ತಗೊಂಡುಬಿಡಿ.