30×40 ಸೈಟಿಗೆ ಸ್ವೀಟ್ ಹೋಮ್ 3ಡಿ: ಎಲ್ಲಿ ತೊಡಕು, ಏಕೆ, ಪರಿಹಾರ ಏನು

ಪಾಯ ತೋಡುವ ಮೊದಲೇ ಮನೆಯೊಳಗೆ ಒಂದು ಸುತ್ತು ಹಾಕಿ ನೋಡಬೇಕು ಅನ್ನುವವರಿಗೆ ಸ್ವೀಟ್ ಹೋಮ್ 3ಡಿ ಧೈರ್ಯವಾಗಿ ಹೇಳಬಹುದಾದ ತಂತ್ರಾಂಶ. ಫ್ರಾನ್ಸಿನ ಎಮಾನ್ಯುಯೆಲ್ ಪ್ಯುಬರೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಇದು 2006ರಿಂದ ಉಚಿತವಾಗಿ ಸಿಗುತ್ತಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಡಗಡೆ ಬಾಗಿಲು, ಕಿಟಕಿ, ಮಂಚಗಳ ಪಟ್ಟಿ. ಬಲಗಡೆ ಮೇಲೆ ನಕ್ಷೆ, ಕೆಳಗೆ ಅದೇ ನಕ್ಷೆಯ 3ಡಿ ನೋಟ. ಮೇಲೆ ಗೋಡೆ ಎಳೆದ ಹಾಗೆ ಕೆಳಗೆ ಗೋಡೆ ಏಳುತ್ತದೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲೋ ಎಸ್‌.ಎಸ್‌. ಲೇಔಟಿನಲ್ಲೋ 30×40 ಸೈಟು ಕೊಂಡವರು ಹಾಲ್ ಎಲ್ಲಿ, ದೇವರ ಕೋಣೆ ಎಲ್ಲಿ, ಮೆಟ್ಟಿಲು ಒಳಗೋ ಹೊರಗೋ ಎಂದು ಮನೆಮಂದಿಯೆಲ್ಲ ಕೂತು ತೀರ್ಮಾನಿಸಲು ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಇದರಿಂದ ಆಗದ ಕೆಲಸವನ್ನೂ ಮೊದಲೇ ತಿಳಿದಿರಬೇಕು. ಎಂಜಿನಿಯರುಗಳು ನಕ್ಷೆ ಬರೆಯುವ ಆಟೋಕ್ಯಾಡಿನ ಡಿಡಬ್ಲ್ಯೂಜಿ ಫೈಲನ್ನು ಇದು ತೆರೆಯುವುದಿಲ್ಲ, ಆ ರೂಪದಲ್ಲಿ ಉಳಿಸುವುದೂ ಇಲ್ಲ. ಕಾಲಂ, ಬೀಮು, ಕಬ್ಬಿಣದ ಲೆಕ್ಕ ಇದಕ್ಕೆ ಗೊತ್ತಿಲ್ಲ. ಪಾಲಿಕೆಯ ಅನುಮತಿಗೆ ಬೇಕಾದ ನಕ್ಷೆಯನ್ನು ನೋಂದಾಯಿತ ಎಂಜಿನಿಯರೇ ಬರೆದು ಸಹಿ ಹಾಕಬೇಕು. ನಿಮಗೆ ಏನು ಬೇಕು ಎಂದು ಅವರಿಗೆ ಅಳತೆ ಸಮೇತ ತೋರಿಸುವುದಷ್ಟೇ ಈ ತಂತ್ರಾಂಶದ ಕೆಲಸ. ಆ ಕೆಲಸ ಕೆಡುವುದು ಹೆಚ್ಚಾಗಿ ಶುರುವಿನ ಮೂರು ಸೆಟ್ಟಿಂಗ್‌ಗಳನ್ನು ನೋಡದೆ ಬಿಡುವುದರಿಂದ: ಅಳತೆಯ ಮಾನ, ಗೋಡೆಯ ದಪ್ಪ, ದಿಕ್ಸೂಚಿ.

ಮೊದಲು ಮಾನ. ಪ್ರಿಫರೆನ್ಸಸ್ ತೆರೆದರೆ ಮಿಲಿಮೀಟರ್, ಸೆಂಟಿಮೀಟರ್, ಮೀಟರ್ ಜೊತೆಗೆ ಅಡಿ-ಇಂಚಿನದೂ ಇದೆ, ದಶಮಾಂಶದ ಅಡಿಯದೂ ಇದೆ. ನಮ್ಮವರು ತಪ್ಪದೆ ಆರಿಸಬೇಕಾದದ್ದು ಅಡಿ-ಇಂಚು. ಮೇಸ್ತ್ರಿಗಳು ಹಾಳೆಯ ಮೇಲೆ 10.6 ಎಂದು ಬರೆದರೆ ಹತ್ತು ಅಡಿ ಆರು ಇಂಚು. ದಶಮಾಂಶದ ಅಡಿ ಆರಿಸಿ ಅದನ್ನೇ ಟೈಪ್ ಮಾಡಿದರೆ ತಂತ್ರಾಂಶಕ್ಕೆ ಅದು ಹತ್ತು ಅಡಿ ಏಳು ಇಂಚಿಗೂ ತುಸು ಹೆಚ್ಚು. ಇದು ಸಣ್ಣ ವ್ಯತ್ಯಾಸ, ಕಣ್ಣಿಗೆ ಬೀಳುವುದಿಲ್ಲ. ಆದರೆ 10.10 ಎಂದು ಹಾಕಿ ನೋಡಿ: ಮೇಸ್ತ್ರಿಯ ಹತ್ತು ಅಡಿ ಹತ್ತು ಇಂಚು ಇಲ್ಲಿ ಹತ್ತು ಅಡಿ ಒಂದೂಕಾಲು ಇಂಚಾಗುತ್ತದೆ. ಹತ್ತಿರ ಹತ್ತಿರ ಒಂಬತ್ತು ಇಂಚು, ಅಂದರೆ ಒಂದು ಹೊರಗೋಡೆಯ ದಪ್ಪ ಮಾಯ! ಅಡುಗೆಮನೆ ಅಳತೆ ಕೂಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಇದನ್ನು ನೋಡಲಿ.

ಎರಡನೆಯದು ಗೋಡೆ. ತಂತ್ರಾಂಶ ತಾನಾಗಿ ಕೊಡುವ ದಪ್ಪ ಏಳೂವರೆ ಸೆಂಟಿಮೀಟರ್, ಅಂದರೆ ಸುಮಾರು ಮೂರು ಇಂಚು. ಎತ್ತರ 250 ಸೆಂಟಿಮೀಟರ್, ಎಂಟು ಅಡಿ ಎರಡೂವರೆ ಇಂಚು. ನಮ್ಮ ಕಡೆ ಹೊರಗೋಡೆ ಒಂಬತ್ತು ಇಂಚು, ಒಳಗಿನ ಅಡ್ಡಗೋಡೆ ನಾಲ್ಕೂವರೆ, ಎತ್ತರ ಹತ್ತು ಅಡಿ. ಪ್ರಿಫರೆನ್ಸಸ್‌ನಲ್ಲಿ ಇದನ್ನು ಬದಲಿಸಿಕೊಂಡೇ ಶುರು ಮಾಡಿ, ಏಕೆಂದರೆ ಆ ಬದಲಾವಣೆ ಮುಂದೆ ಎಳೆಯುವ ಗೋಡೆಗೆ ಮಾತ್ರ ತಗಲುತ್ತದೆ. ಆಗಲೇ ಎಳೆದ ಗೋಡೆಗಳನ್ನು ಆಯ್ದುಕೊಂಡು ಪ್ಲಾನ್ ಮೆನುವಿನ ಮಾಡಿಫೈ ವಾಲ್ಸ್‌ನಲ್ಲಿ ಬೇರೆಯಾಗಿ ತಿದ್ದಬೇಕು.

ಇನ್ನೂ ಮುಖ್ಯವಾದದ್ದು, ಗೋಡೆಯ ಗೆರೆ ಹೋಗುವುದು ದಪ್ಪದ ನಟ್ಟನಡುವೆ. ನೀವು 24 ಅಡಿ ಎಂದು ಎಳೆದರೆ ಅದು ನಡುವಿನಿಂದ ನಡುವಿಗೆ 24 ಅಡಿ. ಒಂಬತ್ತು ಇಂಚಿನ ಗೋಡೆಯಾದರೆ ಹೊರ ಅಂಚಿನಿಂದ ಹೊರ ಅಂಚಿಗೆ 24 ಅಡಿ 9 ಇಂಚು. ಸೆಟ್‌ಬ್ಯಾಕ್ (ಸೈಟಿನ ಅಂಚಿನಲ್ಲಿ ಖಾಲಿ ಬಿಡಬೇಕಾದ ಜಾಗ) ಬಿಟ್ಟು ಅಳೆದಿದ್ದ ಜಾಗದಲ್ಲಿ ಮನೆ ಮುಕ್ಕಾಲು ಅಡಿ ಹೊರಗೆ ಚಾಚುತ್ತದೆ. ಹೊರ ಅಳತೆ ಸರಿಯಾಗಿ 24 ಅಡಿ ಬರಬೇಕಾದರೆ 23 ಅಡಿ 3 ಇಂಚು ಎಳೆಯಬೇಕು. ಒಳ ಅಳತೆಗೆ ಲೆಕ್ಕ ಉಲ್ಟಾ: ಎರಡೂ ಬದಿ ಒಂಬತ್ತು ಇಂಚಿನ ಗೋಡೆ ಇರುವ ಕೋಣೆ ಒಳಗೆ ಹತ್ತು ಅಡಿ ಸಿಗಬೇಕಾದರೆ 10 ಅಡಿ 9 ಇಂಚು ಎಳೆಯಿರಿ, ಒಂದು ಬದಿ ಒಂಬತ್ತು, ಇನ್ನೊಂದು ಬದಿ ನಾಲ್ಕೂವರೆ ಆದರೆ 10 ಅಡಿ 6¾ ಇಂಚು. ಮೌಸಿನಲ್ಲಿ ಇಷ್ಟು ನಿಖರವಾಗಿ ನಿಲ್ಲಿಸುವುದು ಆಗದ ಮಾತು. ಮೊದಲ ಬಿಂದು ಒತ್ತಿ, ದಿಕ್ಕು ಹಿಡಿದು, ಎಂಟರ್ ಒತ್ತಿ. ಉದ್ದ ಮತ್ತು ಕೋನ ಟೈಪ್ ಮಾಡುವ ಪೆಟ್ಟಿಗೆ ಬರುತ್ತದೆ. ಈ ಒಂದು ಸೌಲಭ್ಯವನ್ನು ಹೊಸಬರು ತಿಂಗಳುಗಟ್ಟಲೆ ಗಮನಿಸಿರುವುದಿಲ್ಲ.

ಹಳೇ ಊರಿನ ಸೈಟುಗಳು ಎಷ್ಟೋ ಸಲ ಚೌಕವಾಗಿರುವುದಿಲ್ಲ, ಒಂದು ಮೂಲೆ ಎಳೆದಂತಿರುತ್ತದೆ. ಅಲ್ಲಿ ಗೋಡೆ ತಾನೇ 15 ಡಿಗ್ರಿಯ ಲೆಕ್ಕಕ್ಕೆ ಜಿಗಿಯುತ್ತ ಸತಾಯಿಸುತ್ತದೆ. ಅದು ಮ್ಯಾಗ್ನೆಟಿಸಂ. ವಿಂಡೋಸ್‌ನಲ್ಲಿ ಆಲ್ಟ್ ಕೀಲಿ ಒತ್ತಿ ಹಿಡಿದರೆ ಅಷ್ಟು ಹೊತ್ತು ಸುಮ್ಮನಿರುತ್ತದೆ. ಪೂರ್ತಿ ಆಫ್ ಮಾಡಿಬಿಡಬೇಡಿ. ಬಾಗಿಲು ಕಿಟಕಿ ಗೋಡೆಗೆ ತಾವಾಗಿ ತಿರುಗಿ ಕೂರುವುದು, ಅವುಗಳ ದಪ್ಪ ಗೋಡೆಗೆ ಹೊಂದುವುದು ಅದರಿಂದಲೇ. ಕಿಟಕಿ ಇಟ್ಟ ಮೇಲೆ ಗೋಡೆಯನ್ನು ನಾಲ್ಕೂವರೆಯಿಂದ ಒಂಬತ್ತಕ್ಕೆ ಏರಿಸಿ, 3ಡಿಯಲ್ಲಿ ಗೋಡೆ ಒಂದೇ ಬದಿ ಕೊರೆದಂತೆ ಕಂಡರೆ, ಆ ಕಿಟಕಿ ಅಳಿಸಿ ಮ್ಯಾಗ್ನೆಟಿಸಂ ಇಟ್ಟುಕೊಂಡು ಮತ್ತೆ ಕೂರಿಸಿ. ಪಟ್ಟಿಯಲ್ಲಿರುವ ಬಾಗಿಲುಗಳು ಯುರೋಪಿನ ಅಳತೆಯವು. ಡಬಲ್ ಕ್ಲಿಕ್ ಮಾಡಿ ಮುಂಬಾಗಿಲಿಗೆ ಮೂರೂವರೆ ಅಡಿ ಅಗಲ, ಏಳಡಿ ಎತ್ತರ ಹಾಕಿ. ಕಿಟಕಿಗೆ ಎಲಿವೇಶನ್ ಅಂದರೆ ನೆಲದಿಂದ ಕಿಟಕಿಯ ತಳದ ಎತ್ತರ. ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಅಡ್ಡ ತೊಲೆ) ಏಳಡಿಗೆ ಬರಬೇಕಾದರೆ ನಾಲ್ಕಡಿ ಎತ್ತರದ ಕಿಟಕಿಗೆ ಎಲಿವೇಶನ್ ಮೂರಡಿ.

ಪ್ಲಾನ್ ಮೆನುವಿನ ಕ್ರಿಯೇಟ್ ರೂಮ್ಸ್ ಆರಿಸಿ ಕೋಣೆಯೊಳಗೆ ಡಬಲ್ ಕ್ಲಿಕ್ ಮಾಡಿದರೆ ನೆಲ ಮೂಡಿ ವಿಸ್ತೀರ್ಣ ಬರಬೇಕು. ಬರದಿದ್ದರೆ ಅಥವಾ ಪಕ್ಕದ ಕೋಣೆಯನ್ನೂ ಸೇರಿಸಿಕೊಂಡರೆ ಎಲ್ಲೋ ಒಂದು ಮೂಲೆ ಕೂಡಿಲ್ಲ ಎಂದೇ ಅರ್ಥ. ದೂರದಿಂದ ನೋಡಿದರೆ ಕೂಡಿದಂತೆಯೇ ಕಾಣುತ್ತದೆ. ಚೆನ್ನಾಗಿ ಝೂಮ್ ಮಾಡಿದರೆ ಕೂದಲೆಳೆಯಷ್ಟು ಬಿರುಕು ಗೊತ್ತಾಗುತ್ತದೆ. ಒಂದು ಗೋಡೆಯ ತುದಿ ಹಿಡಿದು ಇನ್ನೊಂದರ ತುದಿಗೆ ಎಳೆದು ಬಿಡಿ, ಸೇರಿಕೊಳ್ಳುತ್ತದೆ. ಗೋಡೆಯನ್ನು ಮುಟ್ಟಲೇ ಆಗುತ್ತಿಲ್ಲ ಎಂದಾದರೆ ನಕ್ಷೆಯ ಬೀಗದ ಗುರುತು ನೋಡಿ, ಬೇಸ್ ಪ್ಲಾನ್ ಲಾಕ್ ಆಗಿರುತ್ತದೆ.

ಮೂರನೆಯದಾದ ದಿಕ್ಸೂಚಿಯನ್ನು ವಾಸ್ತು ನೋಡಲು ಮಾತ್ರ ಬಳಸುವವರೇ ಹೆಚ್ಚು. ಆದರೆ ನಮ್ಮೂರಿನ ಏಪ್ರಿಲ್-ಮೇ ಬಿಸಿಲಿಗೆ ಈ ತಂತ್ರಾಂಶದ ದೊಡ್ಡ ಉಪಕಾರ ಇರುವುದೇ ಇಲ್ಲಿ. ನಕ್ಷೆಯ ಮೇಲಿನ ದಿಕ್ಸೂಚಿಯನ್ನು ಡಬಲ್ ಕ್ಲಿಕ್ ಮಾಡಿ ಉತ್ತರದ ಕೋನ ಸರಿಪಡಿಸಿ. ಆಮೇಲೆ ಅಕ್ಷಾಂಶ ರೇಖಾಂಶ ನೋಡಿ. ಅಲ್ಲಿ 22.5, 88.3ರ ಆಸುಪಾಸಿನ ಸಂಖ್ಯೆ ಇದ್ದರೆ ಅದು ಕೋಲ್ಕತ್ತ. ಭಾರತದ ಟೈಮ್ ಝೋನ್ ಹೆಸರು ಆ ಊರಿನದಾದ್ದರಿಂದ ಹಾಗೆ ಬರುತ್ತದೆ. ದಾವಣಗೆರೆಗೆ 14.46 ಉತ್ತರ, 75.92 ಪೂರ್ವ ಹಾಕಿ. ಚಿತ್ರದುರ್ಗವಾದರೆ 14.23 ಮತ್ತು 76.40. ಇದನ್ನು ತಿದ್ದದಿದ್ದರೆ ಸೂರ್ಯ ಸುಮಾರು 50 ನಿಮಿಷ ಮುಂದೆ ಓಡುತ್ತಾನೆ, ಏಕೆಂದರೆ ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ. ಸಂಜೆ ನಾಲ್ಕರ ಬಿಸಿಲು ಎಂದು ನೀವು ನೋಡುತ್ತಿರುವುದು ನಿಜವಾಗಿ ನಾಲ್ಕೂ ಐವತ್ತರದ್ದು.

ಅಕ್ಷಾಂಶದ ತಪ್ಪು ಇನ್ನೂ ಮೋಸದ್ದು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಜೂನ್ 21ರಂದು ಸುಮಾರು ಒಂಬತ್ತು ಡಿಗ್ರಿಯಷ್ಟು. ಕೋಲ್ಕತ್ತದಲ್ಲಿ ಅದೇ ದಿನ ಒಂದು ಡಿಗ್ರಿಯೂ ಇಲ್ಲ. ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಎಂದುಕೊಂಡು ಸಜ್ಜಾ ಹಾಕದೆ ಬಿಡುವವರು ಮೇ ತಿಂಗಳ ದಿನಾಂಕ ಹಾಕಿ ಒಂದು ಫೋಟೋ ತೆಗೆದು ನೋಡಬೇಕು. 3ಡಿ ವ್ಯೂ ಮೆನುವಿನ ಕ್ರಿಯೇಟ್ ಫೋಟೋದಲ್ಲಿ ದಿನಾಂಕ, ಗಂಟೆ ಎರಡನ್ನೂ ಹಾಕಬಹುದು. ಪಡುವಣ ಗೋಡೆಗೆ ಮಲಗುವ ಕೋಣೆ ಇಟ್ಟವರು ಸಂಜೆ ನಾಲ್ಕಕ್ಕೊಂದು, ಐದೂವರೆಗೊಂದು ತೆಗೆದು ನೋಡಲಿ. ಸಜ್ಜಾ ಎರಡಡಿ ಸಾಕೋ ಸಾಲದೋ ಅಲ್ಲೇ ಗೊತ್ತಾಗುತ್ತದೆ. ಫೋಟೋಗೆ ನಾಲ್ಕು ಗುಣಮಟ್ಟಗಳಿವೆ. ಕೆಳಗಿನ ಎರಡು ಬೇಗ ಮುಗಿಯುತ್ತವೆ, ಆದರೆ ದಿನಾಂಕ-ಗಂಟೆಗೆ ತಕ್ಕ ಬಿಸಿಲೂ ದೀಪದ ಬೆಳಕೂ ಮೇಲಿನ ಎರಡರಲ್ಲಿ ಮಾತ್ರ ಸರಿಯಾಗಿ ಬರುತ್ತವೆ. ಒಳಕೋಣೆಯ ಫೋಟೋ ಕತ್ತಲಾಗಿದ್ದರೆ ಪಟ್ಟಿಯಿಂದ ಒಂದು ದೀಪ ತಂದಿಟ್ಟು ಮೂರನೇ ಗುಣಮಟ್ಟದಲ್ಲಿ ತೆಗೆಯಿರಿ. ಹಳೇ ಲ್ಯಾಪ್‌ಟಾಪ್ ಗಂಟೆಗಟ್ಟಲೆ ಎಳೆದಾಡಿದರೆ ಚಿತ್ರದ ಅಗಲವನ್ನು ಅರ್ಧಕ್ಕಿಳಿಸಿ.

ಮೇಲಿನ ಅಂತಸ್ತು ತೇಲುತ್ತಿದ್ದರೆ ಕಾರಣ ಹೆಚ್ಚಾಗಿ ಇದು: ಆಡ್ ಲೆವೆಲ್ ಒತ್ತಿದ ಮೇಲೆ ಕೆಳಗಿನ ಗೋಡೆಯ ಎತ್ತರ ಬದಲಿಸಿದ್ದೀರಿ. ಮಾಡಿಫೈ ಲೆವೆಲ್‌ನಲ್ಲಿ ಎಲಿವೇಶನ್ ತಿದ್ದಿ. ಹತ್ತು ಅಡಿ ಗೋಡೆ, ಐದು ಇಂಚು ಸ್ಲ್ಯಾಬ್ ಆದರೆ 10 ಅಡಿ 5 ಇಂಚು. ಮೆಟ್ಟಿಲ ಮೇಲೆ ಸ್ಲ್ಯಾಬು ತೆರೆದುಕೊಳ್ಳದಿದ್ದರೆ ಮೆಟ್ಟಿಲಿನ ಎತ್ತರವೂ ಅಷ್ಟಿದೆಯೇ ನೋಡಿ, ಕಡಿಮೆ ಇದ್ದರೆ ತಂತ್ರಾಂಶ ರಂಧ್ರ ಕೊರೆಯುವುದಿಲ್ಲ.

ಮೆಟ್ಟಿಲೇ ಇದರ ದುರ್ಬಲ ಭಾಗ. ಪಟ್ಟಿಯಲ್ಲಿರುವ ಮೆಟ್ಟಿಲು ಸಿದ್ಧ ಮಾದರಿ. ನೀವು ಎತ್ತರ ಹೆಚ್ಚಿಸಿದರೆ ಮೆಟ್ಟಿಲುಗಳ ಸಂಖ್ಯೆ ಹೆಚ್ಚುವುದಿಲ್ಲ, ಒಂದೊಂದೂ ಎತ್ತರಕ್ಕೆ ಹಿಗ್ಗುತ್ತದೆ. ಚಿತ್ರದಲ್ಲಿ ಚೆಂದ ಕಾಣುವ ಮೆಟ್ಟಿಲು ನಿಜದಲ್ಲಿ ಅಜ್ಜಿ ಹತ್ತಲಾಗದ ಎಂಟು ಇಂಚಿನದ್ದಿರಬಹುದು. ಆದ್ದರಿಂದ ಲೆಕ್ಕ ಕಾಗದದ ಮೇಲೆ ಮಾಡಿ. 10 ಅಡಿ 5 ಇಂಚು ಅಂದರೆ 125 ಇಂಚು; ಆರು ಇಂಚಿನ ಏರಿಗೆ 21 ಏರು. ನಡುವೆ ತಿರುಗುವ ಮೆಟ್ಟಿಲಾದರೆ ಒಂದು ಬದಿ ಹತ್ತು, ಇನ್ನೊಂದು ಬದಿ ಹನ್ನೊಂದು ಏರು. ಉದ್ದದ ಬದಿಯಲ್ಲಿ ಹತ್ತು ಇಂಚಿನ ಹತ್ತು ಪಾವಟಿಗೆ (ಕಾಲಿಡುವ ಜಾಗ) 8 ಅಡಿ 4 ಇಂಚು, ಜೊತೆಗೆ ಮೂರಡಿ ಲ್ಯಾಂಡಿಂಗ್: ಒಟ್ಟು 11 ಅಡಿ 4 ಇಂಚು ಉದ್ದ ಬೇಕೇ ಬೇಕು. ನಕ್ಷೆಯಲ್ಲಿ ಅಷ್ಟು ಜಾಗ ಕಾದಿರಿಸಿ, ಮಾದರಿ ಮೆಟ್ಟಿಲನ್ನು ಅದರೊಳಗೆ ಗುರುತಿಗಾಗಿ ಮಾತ್ರ ಇಡಿ.

ಮೇಸ್ತ್ರಿ ಬರೆದ ಹಾಳೆಯನ್ನು ಹಿನ್ನೆಲೆ ಚಿತ್ರವಾಗಿ ತಂದು ಅದರ ಮೇಲೆ ಗೋಡೆ ಎಳೆಯುವ ಸೌಲಭ್ಯ ಒಳ್ಳೆಯದು. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋ ಬೇಡ, ಸ್ಕ್ಯಾನ್ ಮಾಡಿಸಿ. ಅಳತೆ ಹೊಂದಿಸುವಾಗ 40 ಅಡಿಯ ಬದಿಯನ್ನೇ ಹಿಡಿಯಿರಿ. ಉದ್ದ ಗೆರೆಯಲ್ಲಿ ಕೈತಪ್ಪಿನ ಪರಿಣಾಮ ಕಡಿಮೆ. ಆಮೇಲೆ 30 ಅಡಿಯ ಬದಿಗೆ ಡೈಮೆನ್ಷನ್ ಗೆರೆ ಹಾಕಿ ನೋಡಿ. ಅದು 29 ಅಡಿಯನ್ನೋ 31 ಅಡಿಯನ್ನೋ ತೋರಿಸಿದರೆ ಚಿತ್ರವೇ ಸೊಟ್ಟ.

3ಡಿ ಭಾಗ ಖಾಲಿ ಅಥವಾ ಕಪ್ಪಾಗಿದ್ದರೆ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ. ನಿಧಾನವಾದರೆ ಹೊರಗಿಂದ ತಂದ ಭಾರದ ಸೋಫಾ, ಕಾರುಗಳನ್ನು ತೆಗೆಯಿರಿ. ಟೈಲ್ಸಿನ ಫೋಟೋವನ್ನು ಸಾವಿರ ಪಿಕ್ಸೆಲ್ ಒಳಗೆ ಕುಗ್ಗಿಸಿ ಹಾಕಿ. ಬೆಸ್ಕಾಂ ಕರೆಂಟು ಯಾವಾಗ ಹೋದೀತು ಹೇಳಲಾಗದು, ಹಾಗಾಗಿ ಯುಪಿಎಸ್ ಇಲ್ಲದವರು ಪ್ರಿಫರೆನ್ಸಸ್‌ನಲ್ಲಿ ಆಗಾಗ ತಾನೇ ಉಳಿಸಿಕೊಳ್ಳುವ ಆಯ್ಕೆ ಚಾಲೂ ಇದೆಯೇ ನೋಡಿಕೊಳ್ಳಿ. ಕೋಣೆಗಳ ಹೆಸರು ಕನ್ನಡದಲ್ಲಿ ಬೇಕಾದರೆ ಅಕ್ಷರ ಶೈಲಿಯನ್ನು ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿ. ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆದಿದ್ದರೆ ತಂತ್ರಾಂಶದ ಪಿಡಿಎಫ್ ಬಿಟ್ಟು ವಿಂಡೋಸಿನ ಪ್ರಿಂಟ್ ಟು ಪಿಡಿಎಫ್ ಬಳಸಿ ನೋಡಿ.

ಪ್ರಿಂಟ್ ಕೊಡುವ ಮುಂಚೆ ಪೇಜ್ ಸೆಟಪ್‌ನಲ್ಲಿ 1/50 ಸ್ಕೇಲ್ ಹಾಕಿ. 30×40 ಸೈಟು ಆಗ ಕಾಗದದ ಮೇಲೆ 18.3×24.4 ಸೆಂಟಿಮೀಟರ್, ಅಳತೆಯ ಗೆರೆಗಳಿಗೂ ಜಾಗ ಬೇಕಾದ್ದರಿಂದ ಎ3 ಹಾಳೆಯೇ ಸರಿ. ಪ್ರಿಂಟ್ ಅಂಗಡಿಯವರು ಫಿಟ್ ಟು ಪೇಜ್ ಇಟ್ಟರೆ ಸ್ಕೇಲ್ ಕೆಟ್ಟಿತು, ಆಕ್ಚುವಲ್ ಸೈಜ್ ಎಂದು ಒತ್ತಿ ಹೇಳಿ. ಅಂಗಡಿಯಲ್ಲೇ ಹತ್ತು ಅಡಿಯ ಒಂದು ಗೆರೆಗೆ ಸ್ಕೇಲು ಹಿಡಿಯಿರಿ: 6.1 ಸೆಂಟಿಮೀಟರ್ ಬರಬೇಕು. ಬರದಿದ್ದರೆ ಆ ಹಾಳೆಯನ್ನು ಎಂಜಿನಿಯರಿಗಾಗಲಿ ಮೇಸ್ತ್ರಿಗಾಗಲಿ ಕೊಡಬೇಡಿ, ಇನ್ನೊಂದು ತೆಗೆಸಿ.