ಚಿಕ್ಕಪ್ಪನ ಜೊತೆ ಕೂತು ನೋಡಿದ ‘ಡಾ. ಸ್ಟ್ರೇಂಜ್‌ಲವ್’

ನಮ್ಮ ಚಿಕ್ಕಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ನಮ್ಮ ಮನೆ ಪಕ್ಕದಲ್ಲೇ ಇದ್ದಾರೆ. ಇಂಗ್ಲಿಷ್ ಸಿನಿಮಾ ಅಂದ್ರೆ ಅವರಿಗೆ ಹೊಡೆದಾಟ ಇರಬೇಕು. ಹೋದ ಭಾನುವಾರ ಮಧ್ಯಾಹ್ನ ‘ಯುದ್ಧದ ಸಿನಿಮಾ, ಕೊನೆಗೆ ಬಾಂಬ್ ಬೀಳುತ್ತೆ’ ಅಂತ ಹೇಳಿ ಟಿವಿ ಮುಂದೆ ಕೂರಿಸಿದೆ. ಸುಳ್ಳೇನೂ ಹೇಳಲಿಲ್ಲವಲ್ಲ.

ಸ್ಟ್ಯಾನ್ಲಿ ಕುಬ್ರಿಕ್ ಅವರ ಈ ಚಿತ್ರ ಬಂದದ್ದು 1964ರ ಜನವರಿಯಲ್ಲಿ. ಕ್ಯೂಬಾದಲ್ಲಿ ರಷ್ಯಾದವರು ಕ್ಷಿಪಣಿ ಇಟ್ಟು, ಲೋಕವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದು 1962ರ ಅಕ್ಟೋಬರ್. ಆ ಹೆದರಿಕೆ ಇನ್ನೂ ಆರಿರಲಿಲ್ಲ. ಅಂಥ ಹೊತ್ತಲ್ಲಿ ಅಣುಬಾಂಬಿನ ಮೇಲೆ ನಗೆ ಸಿನಿಮಾ! ಆಧಾರವಾಗಿದ್ದ ಪೀಟರ್ ಜಾರ್ಜ್ ಅವರ ಕಾದಂಬರಿ ಗಂಭೀರವಾದದ್ದೇ. ಚಿತ್ರಕಥೆ ಬರೆಯುತ್ತಾ ಹೋದಂತೆ ಕುಬ್ರಿಕ್‌ಗೆ ಇದನ್ನು ನಗದೆ ಹೇಳೋಕೆ ಆಗಲ್ಲ ಅನ್ನಿಸಿತಂತೆ.

ಕಥೆ ಇಷ್ಟೇ. ಅಮೆರಿಕದ ಒಬ್ಬ ಜನರಲ್, ಜ್ಯಾಕ್ ರಿಪ್ಪರ್, ಯಾರನ್ನೂ ಕೇಳದೆ ಬಾಂಬರ್ ವಿಮಾನಗಳನ್ನು ರಷ್ಯಾ ಮೇಲೆ ಬಿಡುತ್ತಾನೆ. ವಾಪಸ್ ಕರೆಯುವ ಸಂಕೇತ ಅವನೊಬ್ಬನಿಗೇ ಗೊತ್ತು. ಯಾಕೆ ಹೀಗೆ ಮಾಡಿದ? ಕುಡಿಯುವ ನೀರಿಗೆ ಫ್ಲೋರೈಡ್ ಹಾಕುವುದು ಕಮ್ಯುನಿಸ್ಟರ ಸಂಚು, ಅದರಿಂದ ತನ್ನ ದೇಹದ ಸತ್ವ ಕೆಡುತ್ತಿದೆ ಅಂತ ಅವನ ನಂಬಿಕೆ. ಚುಟ್ಟ ಕಚ್ಚಿಕೊಂಡು, ಮುಖದ ಒಂದು ಸ್ನಾಯುವೂ ಅಲುಗದ ಹಾಗೆ ಸ್ಟರ್ಲಿಂಗ್ ಹೇಡನ್ ಇದನ್ನು ಹೇಳುವಾಗ ನಾನು ನಕ್ಕೆ. ನಕ್ಕಾಗ ನನ್ನ ಹಲ್ಲು ಕಾಣಿಸಿರಬೇಕು, ಚಿಕ್ಕಪ್ಪ ನನ್ನ ಕಡೆ ತಿರುಗಿದರು. ನಾನು ಮುಳಬಾಗಿಲು ಕಡೆಯ ಹಳ್ಳಿಯ ಬೋರ್‌ವೆಲ್ ನೀರು ಕುಡಿದು ಬೆಳೆದವಳು. ಆ ನೀರಿನ ಫ್ಲೋರೈಡ್‌ನಿಂದ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಅಮೆರಿಕದಲ್ಲಿ 1945ರಿಂದ ಹುಳುಕು ಹಲ್ಲು ತಡೆಯೋಕೆ ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಫ್ಲೋರೈಡನ್ನು ಅಳೆದು ಹಾಕುತ್ತಾ ಬಂದರು. ನಮ್ಮ ಕೋಲಾರ ಸೀಮೆಯ ಎಷ್ಟೋ ಊರುಗಳಲ್ಲಿ ಬಂಡೆಯೇ ಅದಕ್ಕಿಂತ ಜಾಸ್ತಿ ಹಾಕುತ್ತೆ, ಯಾವ ಕಮ್ಯುನಿಸ್ಟೂ ಬೇಕಾಗಿಲ್ಲ. ‘ಇವನನ್ನ ನಮ್ಮೂರಿಗೆ ಕರ್ಕೊಂಡು ಬಂದಿದ್ರೆ ಆವತ್ತೇ ಬಾಂಬ್ ಹಾಕಿಬಿಡ್ತಿದ್ದ’ ಅಂದರು ಚಿಕ್ಕಪ್ಪ. ಅಲ್ಲಿಂದ ಅವರು ಸಿನಿಮಾದೊಳಗೆ ಬಂದರು.

ನಾನು ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ದಿನಾ ರೈಲಲ್ಲಿ ಓಡಾಟ. ಹಾಗಾಗಿ ನನಗೆ ಇದು ಯುದ್ಧದ ಸಿನಿಮಾ ಅನ್ನಿಸಲೇ ಇಲ್ಲ. ಇದು ಆಫೀಸಿನ ಸಿನಿಮಾ. ನನ್ನ ಅನುಮತಿ ಇಲ್ಲದೆ ಇದು ಹೇಗಾಯ್ತು ಅಂತ ಅಮೆರಿಕದ ಅಧ್ಯಕ್ಷರು ಕೇಳುತ್ತಾರೆ. ಆ ಯೋಜನೆಗೆ ತಾವೇ ಒಪ್ಪಿಗೆ ಕೊಟ್ಟಿದ್ದಿರಿ ಸರ್ ಅಂತ ಜನರಲ್ ಟರ್ಜಿಡ್‌ಸನ್ ನೆನಪಿಸುತ್ತಾನೆ. ಇಂಥ ತಲೆಕೆಟ್ಟವರು ಬರದಂತೆ ಪರೀಕ್ಷೆ ಇದೆ ಅಂದಿದ್ದಿರಲ್ಲ ಅಂದರೆ, ಒಂದು ಸಲ ಎಡವಟ್ಟಾಯ್ತು ಅಂತ ಇಡೀ ವ್ಯವಸ್ಥೆಯನ್ನೇ ದೂರೋದು ಸರಿಯಲ್ಲ ಅನ್ನುತ್ತಾನೆ. ಈ ಮಾತನ್ನು ನಾನು ಆಡಿಟ್ ಮೀಟಿಂಗಿನಲ್ಲಿ ಕೇಳಿದ್ದೇನೆ, ಇದೇ ರಾಗದಲ್ಲಿ. ಆಮೇಲೆ ಅವನು ಲೆಕ್ಕ ಕೊಡುತ್ತಾನೆ: ಈಗಲೇ ಪೂರ್ತಿ ದಾಳಿ ಮಾಡಿದರೆ ನಮ್ಮ ಕಡೆ ಸಾಯೋದು ಒಂದರಿಂದ ಎರಡು ಕೋಟಿ ಅಷ್ಟೇ. ಕೈಯಲ್ಲಿ ಫೈಲು, ಬಾಯಲ್ಲಿ ಚೂಯಿಂಗ್ ಗಮ್. ಈ ಪಾತ್ರದ ಜಾರ್ಜ್ ಸಿ. ಸ್ಕಾಟ್‌ಗೆ ‘ಸುಮ್ನೆ ರಿಹರ್ಸಲ್, ಎಷ್ಟು ಬೇಕಾದ್ರೂ ಅತಿ ಮಾಡು’ ಅಂತ ಹೇಳಿ, ಕೊನೆಗೆ ಕುಬ್ರಿಕ್ ಆ ಟೇಕುಗಳನ್ನೇ ಸಿನಿಮಾಗೆ ಹಾಕಿದರಂತೆ. ಸ್ಕಾಟ್‌ಗೆ ಸಿಟ್ಟು ಬಂದಿತ್ತು. ನಮಗೆ ಲಾಭ.

ಪೀಟರ್ ಸೆಲ್ಲರ್ಸ್ ಮೂರು ಪಾತ್ರ ಮಾಡಿದ್ದಾರೆ: ಅಧ್ಯಕ್ಷ, ಬ್ರಿಟಿಷ್ ಅಧಿಕಾರಿ ಮ್ಯಾಂಡ್ರೇಕ್, ಗಾಲಿಕುರ್ಚಿಯ ವಿಜ್ಞಾನಿ ಸ್ಟ್ರೇಂಜ್‌ಲವ್. ಎಲ್ಲರೂ ಹೊಗಳೋದು ಮೂರನೆಯದನ್ನು. ತಾನಾಗಿ ನಾಜಿ ಸೆಲ್ಯೂಟ್ ಹೊಡೆಯೋಕೆ ಏಳುವ ಆ ಕೈಯನ್ನು. ನನಗೆ ಅದು ಸ್ವಲ್ಪ ಜಾಸ್ತಿಯೇ ಆಯ್ತು. ನನ್ನ ಓಟು ಅಧ್ಯಕ್ಷನಿಗೆ. ಕುಡಿದಿರುವ ರಷ್ಯಾದ ಪ್ರಧಾನಿಗೆ ಫೋನ್ ಮಾಡಿ, ನಿಮ್ಮ ಮೇಲೆ ಬಾಂಬ್ ಬೀಳಲಿದೆ ಅಂತ ಹೇಳಬೇಕು. ಮುನಿಸಿಕೊಂಡ ಬೀಗರನ್ನು ಮದುವೆಗೆ ಕರೆಯುವ ಹಾಗೆ ಹೇಳುತ್ತಾನೆ. ನಿನಗಿಂತ ನನಗೇ ಜಾಸ್ತಿ ಬೇಜಾರು ಅಂತ ಇಬ್ಬರಲ್ಲೂ ಪೈಪೋಟಿ. ಆ ಕಡೆಯ ದನಿ ನಮಗೆ ಕೇಳಿಸೋದೇ ಇಲ್ಲ. ಚಿಕ್ಕಪ್ಪನಿಗೆ ಕನ್ನಡದಲ್ಲಿ ಹೇಳೋಕೆ ಇಲ್ಲಿ ಎರಡು ಸಲ ನಿಲ್ಲಿಸಿದೆ. ಎರಡು ಸಲವೂ ನಕ್ಕರು.

ಇನ್ನೊಂದು ದೃಶ್ಯಕ್ಕೆ ಹೇಳುವುದೇ ಬೇಕಾಗಲಿಲ್ಲ. ಮ್ಯಾಂಡ್ರೇಕ್‌ಗೆ ಸಂಕೇತ ಹೊಳೆದಿದೆ. ಅಧ್ಯಕ್ಷರಿಗೆ ಕಾಯಿನ್ ಫೋನಿಂದ ಕರೆ ಮಾಡಬೇಕು. ಚಿಲ್ಲರೆ ಇಲ್ಲ! ಕೋಕಾಕೋಲಾ ಮಷೀನಿಗೆ ಗುಂಡು ಹೊಡೆದು ಕಾಸು ತೆಗಿ ಅಂದರೆ, ಪಕ್ಕದ ಕರ್ನಲ್ ಅದು ಖಾಸಗಿ ಆಸ್ತಿ ಅಂತ ಹಿಂದೆಮುಂದೆ ನೋಡುತ್ತಾನೆ. ನಮ್ಮ ಬಸ್ಸಿನಲ್ಲಿ ಇದಕ್ಕೆ ಕಮ್ಮಿ ಕಾರಣಕ್ಕೆ ಜಗಳ ಆಗಿದೆ.

ಬೇಜಾರಾದದ್ದೂ ಇದೆ. ಇಡೀ ಚಿತ್ರಕ್ಕೆ ಒಬ್ಬಳೇ ಹೆಣ್ಣು, ಅವಳೂ ಬಿಕಿನಿಯಲ್ಲಿ ಮಲಗಿರುವ ಸೆಕ್ರೆಟರಿ. ಗಂಡಸರ ಹುಂಬತನವನ್ನೇ ಆಡಿಕೊಳ್ಳುವ ಸಿನಿಮಾ ಅಂತ ಸಮಾಧಾನ ಮಾಡಿಕೊಂಡರೂ ಪೂರ್ತಿ ಒಪ್ಪಿಗೆ ಆಗಲಿಲ್ಲ. ಹಿಮದ ಮೇಲೆ ಹಾರುವ ವಿಮಾನ ಬೊಂಬೆ ಅಂತ ಗೊತ್ತಾಗುತ್ತೆ. ಆದರೆ ವಿಮಾನದ ಒಳಗೆ ಎಷ್ಟು ಅಚ್ಚುಕಟ್ಟು! ಸ್ವಿಚ್ಚು, ಪಟ್ಟಿ, ಒಂದೊಂದೇ ಓದಿ ಟಿಕ್ ಹಾಕೋದು. ಆ ಹುಡುಗರು ಸೋಮಾರಿಗಳಾಗಿದ್ದರೆ ಲೋಕ ಉಳಿಯುತ್ತಿತ್ತು. ಕೆನ್ ಆಡಮ್ ಕಟ್ಟಿದ ವಾರ್ ರೂಮ್ ಸೆಟ್ ನೋಡೋಕೇ ಒಂದು ಸಲ ಹಾಕಬಹುದು. ದುಂಡನೆಯ ದೊಡ್ಡ ಮೇಜು, ಮೇಲೆ ಉಂಗುರದ ಹಾಗೆ ದೀಪ. ಕಪ್ಪು ಬಿಳುಪು ಚಿತ್ರವಾದರೂ ಮೇಜಿಗೆ ಹಸಿರು ಬಟ್ಟೆ ಹೊದಿಸಿದ್ದರಂತೆ, ಇಸ್ಪೀಟು ಮೇಜು ಅಂತ ನಟರಿಗೆ ಅನ್ನಿಸಲಿ ಅಂತ.

ಒಂದೂವರೆ ಗಂಟೆ ಚಿಲ್ಲರೆ ಸಿನಿಮಾ, ಎಲ್ಲೂ ಎಳೆಯೋದಿಲ್ಲ. ಕೊನೆ ಏನಾಗುತ್ತೆ ಅಂತ ತಿಳಿಯೋದು ಬೇಡ ಅನ್ನುವವರು ಇಲ್ಲಿಗೇ ಓದೋದು ನಿಲ್ಲಿಸಿ.

ಕೊನೆಯಲ್ಲಿ ವಾಪಸ್ ಬರದ ಒಂದು ವಿಮಾನದ ಬಾಂಬ್ ಬಿದ್ದು, ರಷ್ಯಾದ ಸರ್ವನಾಶದ ಯಂತ್ರ ತಾನಾಗಿ ಶುರುವಾಗುತ್ತೆ. ಭೂಮಿ ಮೇಲೆ 93 ವರ್ಷ ವಿಷ. ಆಗ ಸ್ಟ್ರೇಂಜ್‌ಲವ್ ಉಪಾಯ ಹೇಳುತ್ತಾನೆ: ಆಳದ ಗಣಿಗಳೊಳಗೆ ಹೋಗಿ ಬದುಕೋಣ. ಯಾರು ಇಳಿಯಬೇಕು ಅಂತ ಕಂಪ್ಯೂಟರ್ ಆರಿಸುತ್ತೆ. ದೊಡ್ಡ ಅಧಿಕಾರಿಗಳು ಮಾತ್ರ ಇರಲೇಬೇಕು. ಒಬ್ಬ ಗಂಡಿಗೆ ಹತ್ತು ಹೆಣ್ಣು. ಜನರಲ್‌ಗಳ ಕಣ್ಣು ಅರಳುತ್ತೆ.

ಚಿಕ್ಕಪ್ಪ ಈಗ ನಗಲಿಲ್ಲ. ಮುಂದಕ್ಕೆ ಬಾಗಿ ಕೂತರು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳ ಇತ್ತು. ಅಲ್ಲಿ ತಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿಂದ ತಂಪು ಗಾಳಿ ಬಿಡದಿದ್ದರೆ ನಿಲ್ಲೋಕೂ ಆಗುತ್ತಿರಲಿಲ್ಲ.

‘ಏನಮ್ಮಾ, ನಿಲ್ಲಿಸು ಸ್ವಲ್ಪ’ ಅಂದರು. ‘ಪಂಪ್ ಆಪರೇಟರು ಆ ಲಿಸ್ಟಲ್ಲಿ ಇದಾನಾ ಕೇಳು. ನಮ್ಮದು ಮುಚ್ಚಿ ಪಂಪ್ ನಿಲ್ಲಿಸಿದ್ದೇ ತಡ, ನೀರು ತುಂಬ್ಕೊಳ್ತು.’

ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ವಯಸ್ಸು, ಆರೋಗ್ಯ, ಬುದ್ಧಿ, ಆಮೇಲೆ ಬೇಕಾದ ಕೆಲಸ ಬಲ್ಲವರು ಅಂತ ಒಂದೇ ಒಂದು ಮಾತು ಇದೆ.

‘ಹಾಗಾದ್ರೆ ಇದಾನೆ’ ಅಂದರು ಚಿಕ್ಕಪ್ಪ. ‘ಮೊದಲನೇ ತಿಂಗಳೇ ಸ್ಟ್ರೈಕ್ ಮಾಡ್ತಾನೆ. ಹಾಕು ಮುಂದಕ್ಕೆ.’