ಮಲೆನಾಡಿನ ಪ್ರಯೋಗಾಲಯದಲ್ಲಿ ವಿಮ್ಸ್‌ಹರ್ಸ್ಟ್ ಯಂತ್ರ

ನಮ್ಮ ಪದವಿಪೂರ್ವ ಕಾಲೇಜಿಗೆ ತರಿಸಿದ ಹರಿಯಾಣದ ಅಂಬಾಲಾದಲ್ಲಿ ತಯಾರಾದ, ಕೈಯಿಂದ ತಿರುಗಿಸಿ ಸ್ಥಿರವಿದ್ಯುತ್ ಹುಟ್ಟಿಸುವ ವಿಮ್ಸ್‌ಹರ್ಸ್ಟ್ ಯಂತ್ರದ ಬಗ್ಗೆ ತೀರ್ಥಹಳ್ಳಿ ಸುತ್ತಮುತ್ತಲಿನ ಭೌತಶಾಸ್ತ್ರ ಉಪನ್ಯಾಸಕರು ವಿಚಾರಿಸುತ್ತಲೇ ಇದ್ದಾರೆ. ಬೆಲೆ ₹5,000ದ ಒಳಗೆ. ಧಾರಾಳವಾಗಿ ಕೊಳ್ಳಬಹುದು. ಆದರೆ ಪೆಟ್ಟಿಗೆಯ ಮೇಲಿನ ಮಿಂಚಿನ ಚಿತ್ರಕ್ಕೆ ಮರುಳಾಗಿ ಕೊಳ್ಳಬೇಡಿ.

1880ರ ದಶಕದ ಹಳೆಯ ವಿನ್ಯಾಸ ಇದು. ಲೋಹದ ಪಟ್ಟಿ ಅಂಟಿಸಿದ ಎರಡು ಅಕ್ರಿಲಿಕ್ ತಟ್ಟೆಗಳು ಎದುರುಬದುರಾಗಿ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಉಜ್ಜುವಿಕೆಯಿಂದಲ್ಲ, ಪ್ರೇರಣೆಯಿಂದ (ಒಂದು ತಟ್ಟೆಯ ಆವೇಶ ಮುಟ್ಟದೆಯೇ ಇನ್ನೊಂದರಲ್ಲಿ ಆವೇಶ ಮೂಡಿಸುವುದರಿಂದ) ವಿದ್ಯುದಾವೇಶ ಬೆಳೆಯುತ್ತದೆ. ಅದು ಆವೇಶ ಕೂಡಿಡುವ ಎರಡು ಲೇಡನ್ ಜಾಡಿಗಳಲ್ಲಿ ತುಂಬಿಕೊಂಡು, ಅವಕ್ಕೆ ಜೋಡಿಸಿದ ಎರಡು ಲೋಹದ ಗುಂಡುಗಳ ನಡುವೆ ಕಿಡಿಯಾಗಿ ಹಾರುತ್ತದೆ. ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿಗೆ ಸುಮಾರು 30,000 ವೋಲ್ಟ್ ಬೇಕು ಎಂದಾಗ ಹುಡುಗರು ಹೌಹಾರುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಅಷ್ಟೇ. ಕಿಡಿಯಿಂದ ಅವರು ಕಲಿಯುವುದು ಕಡಿಮೆ.

ನಾನು ಹಣ ಸಾರ್ಥಕವೆನ್ನುವುದು ಬೇರೆ ಕಾರಣಕ್ಕೆ. ಎರಡು ಗುಂಡುಗಳನ್ನು ಅಗಲಿಸಿ, ಅಲ್ಯೂಮಿನಿಯಂ ಹಾಳೆ ಸುತ್ತಿದ ಥರ್ಮೊಕೋಲ್ ಚೆಂಡೊಂದನ್ನು ನೈಲಾನ್ ದಾರದಲ್ಲಿ ನಡುವೆ ತೂಗುಬಿಡಿ. ಹಿಡಿ ತಿರುಗಿಸಿದರೆ ಚೆಂಡು ಒಂದು ಗುಂಡಿನತ್ತ ಎಳೆದುಕೊಂಡು ಹೋಗಿ ಮುಟ್ಟುತ್ತದೆ; ಮುಟ್ಟಿದ ಕ್ಷಣವೇ ಅದರ ಆವೇಶ ಪಡೆದು ಸಿಡಿದು ಇನ್ನೊಂದರತ್ತ ಧಾವಿಸುತ್ತದೆ. ಸಜಾತೀಯ ವಿಕರ್ಷಣೆ, ವಿಜಾತೀಯ ಆಕರ್ಷಣೆ ಎಂದು ಹಲಗೆಯ ಮೇಲೆ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಇನ್ನೂ ಒಳ್ಳೆಯದು, ಅಂಥದೇ ಎರಡು ಚೆಂಡುಗಳನ್ನು ಒಂದೇ ಬಿಂದುವಿನಿಂದ 30 ಸೆಂಟಿಮೀಟರ್ ದಾರಗಳಲ್ಲಿ ಇಳಿಬಿಟ್ಟು ಒಂದೇ ಗುಂಡಿನಿಂದ ಆವೇಶ ಕೊಡುವುದು. ಚೆಂಡಿನ ತೂಕ 0.1 ಗ್ರಾಂ, ಅವು 6 ಸೆಂಟಿಮೀಟರ್ ದೂರ ಸರಿದು ನಿಂತವು ಎಂದುಕೊಳ್ಳಿ. ದಾರದ ಓರೆಯಿಂದ ಬಲ ಸುಮಾರು 0.0001 ನ್ಯೂಟನ್ ಎಂದು ಸಿಗುತ್ತದೆ; ಆವೇಶಗಳ ನಡುವಿನ ಬಲವನ್ನು ಹೇಳುವ 1785ರ ಕೂಲಂಬ್ ನಿಯಮಕ್ಕೆ ಹಾಕಿದರೆ ಪ್ರತಿ ಚೆಂಡಿನ ಮೇಲೆ ಸುಮಾರು 6 ನ್ಯಾನೊಕೂಲಂಬ್ ಆವೇಶ. ಅಂದರೆ ಹತ್ತಿರ ಹತ್ತಿರ 4,000 ಕೋಟಿ ಎಲೆಕ್ಟ್ರಾನ್‌ಗಳ ಹೆಚ್ಚಳ ಇಲ್ಲವೇ ಕೊರತೆ! ಒಂದು ಅಳತೆಪಟ್ಟಿ, ಒಂದು ದಾರ ಹಿಡಿದು ಈ ಸಂಖ್ಯೆಯನ್ನು ತಾವೇ ಕಂಡುಕೊಂಡ ವಿದ್ಯಾರ್ಥಿಗಳಿಗೆ ಸೂತ್ರ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಈಗ ತಕರಾರು. ದ್ವಿತೀಯ ಪಿಯುಸಿಯ ಮೊದಲ ಅಧ್ಯಾಯವೇ ವಿದ್ಯುದಾವೇಶ. ಅದು ಬರುವುದು ಮುಂಗಾರಿನ ಹೊತ್ತಿಗೆ. ಆಗುಂಬೆಯ ಮಳೆ ಬಾಗಿಲಿಗೆ ಬಂದಿರುವಾಗ ತಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ನೀರಿನ ಪೊರೆ ಕೂರುತ್ತದೆ, ಹುಟ್ಟಿದ ಆವೇಶವೆಲ್ಲ ಅದರಲ್ಲೇ ಸೋರಿಹೋಗುತ್ತದೆ. ಎಷ್ಟು ತಿರುಗಿಸಿದರೂ ಯಂತ್ರ ಸುಮ್ಮನೆ ಗರಗರ ಎನ್ನುತ್ತದೆ. ಹೇರ್ ಡ್ರೈಯರ್‌ನ ಹದವಾದ ಬಿಸಿಗಾಳಿಯಲ್ಲಿ ತಟ್ಟೆ, ಜಾಡಿಗಳ ಕುತ್ತಿಗೆ ಮತ್ತು ದಾರವನ್ನು ಒಣಗಿಸಿ ಕೂಡಲೇ ಪ್ರಯೋಗ ಮಾಡಿ. ಅಕ್ರಿಲಿಕ್ ಸೊಟ್ಟಗಾಗುವಷ್ಟು ಹತ್ತಿರ ಹಿಡಿಯಬೇಡಿ. ನಾನಂತೂ ಇದೇ ಪ್ರಯೋಗವನ್ನು ಜನವರಿಯ ಪುನರಾವರ್ತನೆಯ ತರಗತಿಯಲ್ಲಿ ಮತ್ತೊಮ್ಮೆ ತೋರಿಸುತ್ತೇನೆ. ಚಿತ್ರದುರ್ಗದ ಕಡೆಯವರಿಗೆ ಈ ತಾಪತ್ರಯ ಅಷ್ಟಿರಲಾರದು.

ಕೈಪಿಡಿ ಎಂಬ ಹೆಸರಿನಲ್ಲಿ ಬಂದ ಒಂದೇ ಹಾಳೆಯಲ್ಲಿ ತಟ್ಟೆಗಳ ಮುಂದೆ, ಹಿಂದೆ ದಂಡಗಳ ತುದಿಯಲ್ಲಿರುವ ತಂತಿ ಕುಂಚಗಳನ್ನು ಹೇಗೆ ಕೂರಿಸಬೇಕೆಂಬ ಮಾತೇ ಇಲ್ಲ. ಕುಂಚದ ಎಳೆಗಳು ಲೋಹದ ಪಟ್ಟಿಗಳನ್ನು ಹಗುರವಾಗಿ ಸವರಬೇಕು. ಮುಂದಿನ ಮತ್ತು ಹಿಂದಿನ ಕುಂಚದಂಡಗಳು ಒಂದಕ್ಕೊಂದು ಅಡ್ಡವಾಗಿ ಗುಣಿಸುವ ಚಿಹ್ನೆಯಂತೆ ನಿಲ್ಲಬೇಕು. ಎಚ್ಚರಿಕೆಯ ಒಂದು ಸಾಲೂ ಅದರಲ್ಲಿಲ್ಲ, ಇದು ನನಗೆ ಸಿಟ್ಟು ತರಿಸಿತು. ನಿಲ್ಲಿಸಿದ ಮೇಲೂ ಜಾಡಿಗಳಲ್ಲಿ ಆವೇಶ ಉಳಿದಿರುತ್ತದೆ, ಹಾಗಾಗಿ ಗುಂಡುಗಳನ್ನು ಪರಸ್ಪರ ತಾಗಿಸಿದ ನಂತರವೇ ಕೈ ಹಾಕಬೇಕು. ಪೇಸ್‌ಮೇಕರ್ ಇರುವವರು ಹತ್ತಿರ ಬರಕೂಡದು.

ಜೊತೆಗೆ ಬಂದ ರಬ್ಬರ್ ಬೆಲ್ಟ್ ಬೇಗ ಸಡಿಲವಾಯಿತು. ಮಾರಾಟಗಾರರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಹೊಲಿಗೆ ಯಂತ್ರದ ಅಂಗಡಿಯಲ್ಲಿ ಸಿಗುವ ಬೆಲ್ಟನ್ನು ಅಳತೆಗೆ ಕತ್ತರಿಸಿ ಹಾಕಿಕೊಳ್ಳಬಹುದು. ತಟ್ಟೆಗಳನ್ನು ತಿರುಗಿಸುವ ಎರಡು ಬೆಲ್ಟುಗಳಲ್ಲಿ ಒಂದನ್ನು ಮಾತ್ರ ಅಡ್ಡ ತಿರುಚಿ ಹಾಕಿ, ಇಲ್ಲವಾದರೆ ಎರಡೂ ತಟ್ಟೆಗಳು ಒಂದೇ ಕಡೆಗೆ ತಿರುಗುತ್ತವೆ.